ಶಾಲೆಗೆ ಹೋದ ಬೋಗುಣಿ

ಟಣ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಣ್. ಆ ಕಡೆಯಿಂದ ಇನ್ನೊಂದು, ಕೊಂಚ ದಪ್ಪ ದನಿಯದು, ಡಬ್. ಖಾಲಿ ಹಿತ್ತಾಳೆ ಬೋಗುಣಿಗೆ ಮಳೆಹನಿ ಬಿದ್ದರೆ ಒಂದು ಸದ್ದು, ತಳ ಮುಚ್ಚುವಷ್ಟು ನೀರಾದ ಮೇಲೆ ಇನ್ನೊಂದು, ಅರ್ಧ ತುಂಬಿದರೆ ಸದ್ದೇ ಬೇರೆ. ಕಣ್ಣು ಮುಚ್ಚಿಕೊಂಡು ನೀರು ಎಲ್ಲಿಯವರೆಗೆ ಬಂದಿದೆ ಎಂದು ಹೇಳುವ ವಿದ್ಯೆ ನನ್ನ ಅಕ್ಕನಿಗೆ ಗೊತ್ತಿತ್ತು. ಅದನ್ನು ಅವಳು ಕಲಿತದ್ದು ಕ್ಲಾಸಿನಲ್ಲಿ ಕೂತು. ಹುಬ್ಬಳ್ಳಿಯಲ್ಲಿ ನಾವಿದ್ದ ಮಿಲ್ ಚಾಳಿನ ಕೊನೆಗೆ ಒಂದು ಸರ್ಕಾರಿ ಕನ್ನಡ ಶಾಲೆ. ಅದರ ಹೆಂಚು ಒಡೆದು ಯಾವ ಕಾಲವಾಗಿತ್ತೋ. ಮಳೆ ಶುರುವಾದರೆ ಮಕ್ಕಳು ಪಾಟಿ, ಪುಸ್ತಕದ ಜೊತೆ ಮನೆಯಿಂದ ಒಂದೊಂದು ಪಾತ್ರೆಯನ್ನೂ ತರಬೇಕು ಎಂದು ಮಾಸ್ತರು ಹೇಳಿಬಿಟ್ಟಿದ್ದರು. ಯಾರ ಪಾತ್ರೆ ತುಂಬಿತೋ ಅವರು ಎದ್ದು, ಕಿಟಕಿಯಿಂದ ಚೆಲ್ಲಿ, ಮತ್ತೆ ಅದೇ ಜಾಗದಲ್ಲಿಟ್ಟು ಕೂರುವುದು. ಮಗ್ಗಿ ನಿಲ್ಲುವಂತಿಲ್ಲ. ನಮ್ಮ ಮನೆಯಿಂದ ಹೋಗುತ್ತಿದ್ದದ್ದು ಅವ್ವ ಬೇಳೆ ಬೇಯಿಸುವ ಬೋಗುಣಿ.

ನಾನು ಆ ಶಾಲೆಗೆ ಹೋದವಳಲ್ಲ. ನಾನು ಕಾನ್ವೆಂಟ್. ಒಂದೇ ಮನೆಯ ಇಬ್ಬರು ಹುಡುಗಿಯರು, ಎರಡೇ ವರ್ಷದ ಅಂತರ, ಬೆಳಗ್ಗೆ ಒಂದೇ ಬಾಗಿಲಿನಿಂದ ಹೊರಟು ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ. ಅಪ್ಪ ಮಿಲ್ಲಿನಲ್ಲಿ ಟೈಮ್‌ಕೀಪರ್, ಒಬ್ಬಳ ಫೀಸಿಗೆ ಮಾತ್ರ ಅವರ ಕೈ ಎಟುಕುತ್ತಿತ್ತು. ಯಾರು ಆ ಒಬ್ಬಳು ಎಂದು ತೀರ್ಮಾನ ಮಾಡಿದವಳು ಅಜ್ಜಿ, ಅಪ್ಪನ ತಾಯಿ. ದೊಡ್ಡಾಕಿ ಹೆಂಗೂ ಎಂಟ್ಹತ್ತು ವರ್ಷಕ್ಕ ಲಗ್ನ ಆಗಿ ಹೋಗಾಕಿ, ಸಣ್ಣಾಕಿ ಇಂಗ್ಲಿಷ್ ಕಲೀಲಿ, ಅಂತ. ಅಲ್ಲಿಗೆ ಮುಗಿಯಿತು. ಮನೆ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಅಪ್ಪನ ಕುರ್ಚಿ, ಅಜ್ಜಿಯ ಹಾಸಿಗೆ, ಗೋಡೆಯಲ್ಲೊಂದು ಗೂಡು. ಆ ಗೂಡಿನಲ್ಲಿ ನನ್ನ ಬ್ಲ್ಯಾಕ್ ಶೂಸ್, ಪಾಲಿಶ್ ಡಬ್ಬಿ, ಬ್ರಶ್. ಒಳಗಿನ ಕೋಣೆಯಲ್ಲಿ ಒಲೆ, ದೇವರು, ಬಚ್ಚಲು ಮೂರೂ ಒಂದನ್ನೊಂದು ಸಹಿಸಿಕೊಂಡು ಇದ್ದವು. ನನ್ನ ಶೂಸಿಗೆ ಆ ಮನೆಯಲ್ಲಿ ಸ್ವಂತ ಜಾಗವಿತ್ತು. ಅಕ್ಕನಿಗೆ ಶೂಸೇ ಇರಲಿಲ್ಲ. ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅದೇ ನನಗೆ ದೊಡ್ಡವಳಾದಂತೆ ಚುಚ್ಚುತ್ತಾ ಬಂತು.

ಮಳೆಯ ದಿನಗಳಲ್ಲಿ ನಮ್ಮ ಊಟ ಶಾಲೆಯ ಸೂರಿನ ಮೇಲೆ ನಿಂತಿರುತ್ತಿತ್ತು. ಬೋಗುಣಿ ಮನೆಯಲ್ಲಿದ್ದರೆ ಬೇಳೆ, ಇಲ್ಲದಿದ್ದರೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅಜ್ಜಿಗೆ ಹಲ್ಲು ಕಡಿಮೆ, ಬೇಳೆಯಲ್ಲಿ ನೆನೆಸದೆ ರೊಟ್ಟಿ ಇಳಿಯದು. ಹೊರಗೆ ಮಳೆ, ಒಳಗೆ ಅತ್ತೆ ಸೊಸೆ.

“ಬ್ಯಾಳಿ ಎಲ್ಲಿ?”

“ಬೋಗುಣಿ ಸಾಲಿಗೆ ಹೋಗೇತ್ರೀ ಅತ್ತಿ.”

“ನಿನ್ನೆನೂ ಹೋಗಿತ್ತಲ್ಲ!”

“ಹೌದ್ರೀ. ಭಾಳ ಶಾಣ್ಯಾ ಆಗೇತಿ ಈಗ.”

ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು. ಆದರೆ ಒಂದು ದಿನ ಬೋಗುಣಿ ಕಲಾಯಿಗೆ ಹೋಗಿತ್ತು, ಅಕ್ಕ ಕೈಗೆ ಸಿಕ್ಕಿದ್ದು ಎತ್ತಿಕೊಂಡು ಓಡಿದ್ದಳು. ಅದು ಅಜ್ಜಿಯ ಪೂಜೆಯ ತಂಬಿಗೆ. ದೇವರ ಮುಂದೆ ಇಡುವ ತಂಬಿಗೆಯಲ್ಲಿ ಶಾಲೆಯ ಸೂರಿನ ಕೊಚ್ಚೆ ನೀರು! ಅಜ್ಜಿ ಅವತ್ತು ಊಟ ಬಿಟ್ಟಳು. ಅವ್ವ ಮೂರು ಸಲ ಹುಣಸೇಹಣ್ಣು ಹಚ್ಚಿ ತಿಕ್ಕಿದರೂ ಅಜ್ಜಿ ತಂಬಿಗೆಯನ್ನು ಒಳಗೆ ಸೇರಿಸಲಿಲ್ಲ. ಸಂಜೆ ಅಪ್ಪ ನನ್ನನ್ನು ಕರೆದು, ವಿಮ್ಮಿ, ನಿಮ್ಮ ಕಾನ್ವೆಂಟಿನ್ಯಾಗ ಕಾಗದ ಬರಿಯೂದು ಕಲಿಸ್ಯಾರಲ್ಲ, ಎಮ್ಮೆಲ್ಲೆ ಸಾಹೇಬ್ರಿಗೆ ಒಂದು ಬರಿ, ಎಂದರು. ನನಗೆ ಒಂಬತ್ತು ವರ್ಷ. ಫಾರ್ಮಲ್ ಲೆಟರ್ ಅನ್ನು ಸಿಸ್ಟರ್ ಹಿಂದಿನ ವಾರವಷ್ಟೇ ಬೋರ್ಡಿನ ಮೇಲೆ ಬರೆಸಿದ್ದರು. ವಿತ್ ಡ್ಯೂ ರೆಸ್ಪೆಕ್ಟ್, ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್. ಕರ್ಸಿವ್‌ನಲ್ಲಿ, ಮಾರ್ಜಿನ್ ಬಿಟ್ಟು, ನೀಲಿ ಇಂಕಿನಲ್ಲಿ ಒಂದು ಪುಟ. ಅಪ್ಪ ಅದನ್ನು ಕನ್ನಡಿಯ ಮುಂದೆ ಇಟ್ಟು ಎರಡು ದಿನ ನೋಡಿ ಆಮೇಲೆ ಪೋಸ್ಟ್ ಮಾಡಿದರು. ಅದರಲ್ಲಿ ಸೂರು ಸೋರುತ್ತದೆ ಎನ್ನುವುದನ್ನು ನಾನು ‘ಇನ್‌ಕನ್ವೀನಿಯನ್ಸ್’ ಎಂದು ಬರೆದಿದ್ದೆ. ಉತ್ತರ ಬರಲೇ ಇಲ್ಲ.

ಹದಿನೈದು ದಿನ ಕಾದ ಮೇಲೆ ಅವ್ವ ಎದ್ದಳು. ಮನೆಯಿಂದ ಸಂತೆ, ಸಂತೆಯಿಂದ ಮನೆ ಬಿಟ್ಟರೆ ಬೇರೆ ದಾರಿ ತುಳಿಯದವಳು, ಇಳಕಲ್ ಸೀರೆ ಉಟ್ಟು, ನನಗೆ ರಜೆಯಿದ್ದರೂ ಬೆಲ್ಟಿನ ಸಮೇತ ಯೂನಿಫಾರ್ಮ್ ಹಾಕಿಸಿ, ಅಕ್ಕನ ಕೈಗೆ ಬೋಗುಣಿ ಕೊಟ್ಟು, ನೇರವಾಗಿ ಎಮ್ಮೆಲ್ಲೆ ಮನೆಯ ಪಡಸಾಲೆಗೆ ಹೊರಟಳು. ಕಾಗದದ ಇನ್ನೊಂದು ಕಾಪಿ ನನ್ನ ಕೈಯಲ್ಲಿ. ಸಾಹೇಬರು ಅದನ್ನು ತೆಗೆದುಕೊಂಡು, ಓದದೆ, ಪಕ್ಕಕ್ಕಿಟ್ಟರು. ಅವ್ವ ಅವರ ಟೇಬಲ್ಲಿನ ಮೇಲೆ ಬೋಗುಣಿ ಇಡಿಸಿದಳು. ಆಮೇಲೆ, ಅತ್ತೆಗೆ ಪಟ್ಟನೆ ಉತ್ತರ ಕೊಡುತ್ತಿದ್ದ ಆ ಹೆಂಗಸಿಗೆ, ಬಾಯಿಂದ ಮಾತೇ ಹೊರಡಲಿಲ್ಲ.

“ಏನವಾ ಇದು?”

“ನಮ್ಮ ಮನಿ ಬೋಗುಣಿರೀ ಸಾಹೇಬ್ರ,” ಎಂದಳು ಅಕ್ಕ. “ಮಳಿ ಬಂದ್ರ ನನ್ನ ಜೋಡಿ ಐದನೇ ಇಯತ್ತೆಗೆ ಬರತೈತಿ. ಹಾಜರಿ ನನಗಿಂತ ಇದರದ ಚೊಲೋ ಐತಿ.”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಕಣ್ಣೊರೆಸಿಕೊಂಡು, ಅಂಥಾ ಪಾತ್ರೆ ಒಟ್ಟು ಎಷ್ಟು ಇಡತೀರಿ ಎಂದು ಕೇಳಿದರು. ಅಕ್ಕ ತಡವರಿಸಲಿಲ್ಲ. ಹದಿನೇಳು. ಎಂಟು ತಂಬಗಿ, ಐದು ಬೋಗುಣಿ, ನಾಕು ಡಬ್ಬಿ. ಅವರು ಅದನ್ನು ಬರೆದುಕೊಂಡರು. ಬರೆದುಕೊಂಡದ್ದು ನನ್ನ ಕಾಗದವನ್ನು ಮಗುಚಿ, ಅದರ ಹಿಂಭಾಗದ ಮೇಲೆ. ತಿಂಗಳೊಳಗೆ ಹೊಸ ಹೆಂಚು ಬಂತು, ಅಜ್ಜಿ ದಿನಾಲೂ ಬೇಳೆ ಉಂಡಳು. ಅವತ್ತು ಮನೆಗೆ ಮರಳುವ ದಾರಿಯಲ್ಲಿ ನಾನು ಮೂತಿ ಊದಿಸಿಕೊಂಡು ನಡೆಯುತ್ತಿದ್ದರೆ ಅಕ್ಕ ಬೋಗುಣಿಯನ್ನು ಟೋಪಿಯ ಹಾಗೆ ತಲೆಯ ಮೇಲೆ ಬೋರಲು ಹಾಕಿಕೊಂಡು, “ಯಾಕ ಅಳ್ತಿ? ನಿನ್ನ ಕಾಗದಾನೂ ಉಪಯೋಗಕ್ಕ ಬಂತಲ್ಲ,” ಎಂದಿದ್ದಳು. ಆ ಮಾತನ್ನು ನಾನು ಬಹಳ ವರ್ಷ ಮರೆಯಲಿಲ್ಲ. ಆ ಇಂಗ್ಲಿಷೇ ಮುಂದೆ ನನಗೆ ನೌಕರಿ, ಬೆಂಗಳೂರು, ಗಂಡ ಎಲ್ಲವನ್ನೂ ತಂದುಕೊಟ್ಟಿತು. ಆದರೂ ಎಲ್ಲಿಯಾದರೂ ಒಂದು ಅರ್ಜಿ ಬರೆದು ಕವರ್ ಅಂಟಿಸುವಾಗ, ಇದರ ಹಿಂದೆ ಯಾರೋ ಏನೋ ಬರೆದುಕೊಳ್ಳುತ್ತಾರೆ ಅನ್ನಿಸುವುದು ಮಾತ್ರ ಹೋಗಲಿಲ್ಲ.

ಈಗ ನಾನಿರುವುದು ಸಿಡ್ನಿಯಲ್ಲಿ, ಎಪ್ಪಿಂಗ್ ದಾಟಿದ ಮೇಲಿನ ಒಂದು ಸಬರ್ಬಿನಲ್ಲಿ, ಮಗಳು ಸುಮಾಳ ಅಪಾರ್ಟ್‌ಮೆಂಟಿನಲ್ಲಿ. ಸುಮಾ, ಅಳಿಯ ಇಬ್ಬರೂ ಚಾಟ್ಸ್‌ವುಡ್‌ಗೆ ಕೆಲಸಕ್ಕೆ ಹೋಗುತ್ತಾರೆ. ಮೊಮ್ಮಗಳು ಇರಾ ಎರಡನೇ ತರಗತಿ, ಇಲ್ಲಿಯವರ ಇಯರ್ ಟೂ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಅದೂ ಭುಜ ಕುಣಿಸಿಕೊಂಡು, ನಮ್ಮಪ್ಪನ ಹಾಗೇ. ಇಡೀ ದಿನ ಮಾತಾಡುವ ಹುಡುಗಿ ಪುಸ್ತಕ ತೆಗೆದರೆ ಮೂಕಿ. ಅಕ್ಷರಗಳು ಅವಳಿಗೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಐ ಆಮ್ ದ ಡಂಬೆಸ್ಟ್, ಎಂದು ತನಗೆ ತಾನೇ ಹೇಳಿಕೊಳ್ಳುವುದನ್ನು ನಾನು ಹೊರಗೆ ನಿಂತು ಕೇಳಿದ್ದೇನೆ. ಅವಳದ್ದು ಪಬ್ಲಿಕ್ ಸ್ಕೂಲು, ಅಂದರೆ ಇಲ್ಲಿಯ ಸರ್ಕಾರಿ ಶಾಲೆ. ಅಲ್ಲಿ ಮಿಸೆಸ್ ಹಾನ್ ಎಂಬ ರೀಡಿಂಗ್ ಟೀಚರ್ ವಾರಕ್ಕೆ ಮೂರು ಬೆಳಗ್ಗೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಲು ಶುರು ಮಾಡಿದ ಮೇಲೆ ಒಂದು ದಿನ ಬಸ್‌ಸ್ಟಾಪಿನಲ್ಲಿ ನಿಂತು, ಬಸ್ಸಿನ ಹಣೆಯ ಬೋರ್ಡ್ ನೋಡಿ, ಅಜ್ಜಿ ದಟ್ಸ್ ಅವರ್ ಬಸ್, ಎಂದಳು. ಅವಳಾಗಿ ಓದಿ ಹೇಳಿದ್ದು ಅದೇ ಮೊದಲು. ಇನ್ನೊಮ್ಮೆ ಓದು, ಎಂದು ನಾನು ಅವಳನ್ನು ಹಿಡಿದು ನಿಲ್ಲಿಸಿದೆ, ಬಸ್ಸು ಹೊರಟುಹೋಯಿತು.

ಅದಾಗಿ ಕೆಲವೇ ವಾರಕ್ಕೆ ಸ್ಕೂಲ್ ನ್ಯೂಸ್‌ಲೆಟರ್ ಬಂತು. ಫಂಡಿಂಗ್ ಸಾಲದ ಕಾರಣ ಮುಂದಿನ ಟರ್ಮಿನಿಂದ ರೀಡಿಂಗ್ ಸಪೋರ್ಟ್ ಇರುವುದಿಲ್ಲ. ಪೇರೆಂಟ್ಸೆಲ್ಲ ಸೇರಿ ಇಮೇಲ್ ಕ್ಯಾಂಪೇನ್ ಮಾಡುತ್ತಿದ್ದೇವೆ, ನಿಮ್ಮ ಎಂಪಿಗೆ ತಿಳಿಸಿ.

“ಅಮ್ಮ, ಟೆಂಪ್ಲೇಟ್ ಇದೆ. ಹೆಸರು ಹಾಕಿ ಕ್ಲಿಕ್ ಮಾಡಿದರೆ ಸಾಕು, ಅದೇ ಹೋಗತ್ತೆ.”

“ಎಲ್ಲರದ್ದೂ ಒಂದೇ ಥರ ಇದ್ದರೆ ಯಾರೇ ಓದ್ತಾರೆ?”

“ಓದೋದಲ್ಲಮ್ಮ, ಕೌಂಟ್ ಮಾಡ್ತಾರೆ. ಇದು ನಿನ್ನ ಕಾನ್ವೆಂಟ್ ಕಾಂಪೋಜಿಷನ್ ಅಲ್ಲ.”

ನಾನು ಕ್ಲಿಕ್ ಮಾಡಿದೆ, ಆಮೇಲೆ ಪೆನ್ನೂ ಹಿಡಿದೆ. ಬರೆಯುತ್ತಾ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್‌ನಲ್ಲಿಟ್ಟೆ. ಅಕ್ಕ ಅಂದರೆ ನೀಲಕ್ಕ ಇರುವುದು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ, ಮಗನ ಜೊತೆ. ಇಬ್ಬರೂ ಮಕ್ಕಳ ಬೆನ್ನು ಹಿಡಿದು ಒಂದೇ ದೇಶಕ್ಕೆ ಬಂದೆವು, ಇಲ್ಲೂ ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ. ನಾನು ಓದಿದ್ದನ್ನೆಲ್ಲ ಕೇಳಿ ಅವಳು ಹೇಳಿದ್ದು ಇಷ್ಟು:

“ಆ ಬಸ್ಸಿಂದು ಹಾಕೀಯೇನು?”

“ಅದನ್ನೆಲ್ಲ ಫಾರ್ಮಲ್ ಲೆಟರ್‌ನಾಗ ಬರೆಯಲ್ಲ ಅಕ್ಕ.”

“ಮತ್ತ ಏನ್ ಬರೀತಿ, ನಿನ್ನ ಹಂಬ್ಲಿ? ಬಸ್ಸಿಂದು ಹಾಕು.”

ಹಾಕಿದೆ. ಇಲ್ಲಿ ನಮಗೆ ಪ್ರತಿನಿಧಿ ಒಬ್ಬರಲ್ಲ, ಇಬ್ಬರು. ಒಬ್ಬರು ಸ್ಟೇಟ್ ಪಾರ್ಲಿಮೆಂಟಿಗೆ, ಇನ್ನೊಬ್ಬರು ಕ್ಯಾನ್‌ಬೆರಾಕ್ಕೆ. ಸ್ಕೂಲಿನ ಹಣದಲ್ಲಿ ಎರಡೂ ಸರ್ಕಾರದ ಪಾಲಿದೆಯಂತೆ, ಹಾಗಾಗಿ ಎರಡು ಕಾಗದ. ಒಬ್ಬರ ಆಫೀಸಿನಿಂದ ಥ್ಯಾಂಕ್ಯೂ ಫಾರ್ ಕಾಂಟ್ಯಾಕ್ಟಿಂಗ್ ಅಸ್ ಎಂದು ಬಂತು. ಇನ್ನೊಬ್ಬರ ಆಫೀಸಿನಿಂದ, ಇದನ್ನು ಆ ಇನ್ನೊಬ್ಬರಲ್ಲೂ ವಿಚಾರಿಸಿ ಎಂದು ಬಹಳ ವಿನಯದಿಂದ ಬಂತು. ಅಕ್ಕನಿಗೆ ಹೇಳಿದರೆ ಗೊಳ್ಳೆಂದು ನಕ್ಕಳು. “ಬ್ಯಾಳಿಗೆ ಉಪ್ಪು ಯಾರು ಹಾಕಿಲ್ಲಂದ್ರ ಅಜ್ಜಿ ಅವ್ವನ್ನ ತೋರಸಾಕಿ, ಅವ್ವ ಅಜ್ಜೀನ್ನ. ತಡಿ, ನಾ ಬರತೇನಿ.”

ಬಂದಳು. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಹಿತ್ತಾಳೆ ಬೋಗುಣಿ. ಅವ್ವ ಕೊನೆಗಾಲದಲ್ಲಿ ಅದನ್ನು ಅಕ್ಕನಿಗೆ ಕೊಟ್ಟಿದ್ದಳು, ಅದು ಕ್ರಾನ್‌ಬರ್ನ್‌ವರೆಗೂ ಬಂದಿತ್ತು. ಏರ್‌ಪೋರ್ಟ್ ಸ್ಕ್ಯಾನಿಂಗಿನಲ್ಲಿ ಇದೇನು ಎಂದು ಕೇಳಿದವರಿಗೆ, ಮೈ ಸ್ಕೂಲ್ ಫ್ರೆಂಡ್, ಎಂದಳಂತೆ. ನಾನು ಮಾತ್ರ ನಮ್ಮ ಕಡೆಯ ಪದ್ಧತಿಯನ್ನು ಬಿಡಲಿಲ್ಲ. ದೊಡ್ಡವರ ಹತ್ತಿರ ಕೆಲಸಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗುವುದುಂಟೇ? ಮೈಸೂರು ಶಾಲು, ಹೂವಿನ ಹಾರ, ಮಿಲ್ಕ್ ಪೌಡರಿನಲ್ಲಿ ಮನೆಯಲ್ಲೇ ಮಾಡಿದ ಪೇಡೆಯ ಡಬ್ಬಿ. ಸ್ಟೇಟ್ ಎಂಪಿಯ ಆಫೀಸು ಬೇಕರಿಯ ಪಕ್ಕದಲ್ಲಿ, ಒಂದು ಪುಟ್ಟ ಅಂಗಡಿಯಷ್ಟು. ಅಪಾಯಿಂಟ್‌ಮೆಂಟ್ ಹದಿನೈದು ನಿಮಿಷ. ಎಮ್ಮಾ ಎಂಬ ಹುಡುಗಿ ಬಾಗಿಲು ತೆರೆದು, ನನ್ನ ಕೈಯಲ್ಲಿದ್ದುದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಗಿಫ್ಟ್ ತಗೊಳ್ಳುವ ಹಾಗಿಲ್ಲವಂತೆ, ತಗೊಂಡರೆ ಡಿಕ್ಲೇರ್ ಮಾಡಬೇಕಂತೆ. ಇಪ್ಪತ್ತು ವರ್ಷ ಆಫೀಸಿನಲ್ಲಿ ಕೆಲಸ ಮಾಡಿದ ನನಗೆ, ಲಂಚ ಕೊಡಲು ಬಂದವಳ ಹಾಗೆ ಹಾರ ಹಿಡಿದು ನಿಂತು, ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಏನಂತಾಳ ಹುಡುಗಿ?”

“ತಗೊಳ್ಳೋ ಹಾಗಿಲ್ಲಂತ ಅಕ್ಕ. ರೂಲ್ಸ್.”

“ಚೊಲೋ ಆತು, ಹಂಗಾರ ನಾವ ತಿನ್ನೂಣು.”

ಅಕ್ಕ ಅಲ್ಲೇ ಕೂತು ಡಬ್ಬಿ ಬಿಚ್ಚಿದಳು. ತಾನೊಂದು ತಿಂದಳು, ನನ್ನ ಬಾಯಿಗೊಂದು ತುರುಕಿದಳು, ಎಮ್ಮಾಳ ಮುಂದೆ ಡಬ್ಬಿ ಹಿಡಿದಳು. ಒಂದು ಪೇಡೆ ತಿನ್ನುವುದಕ್ಕೆ ಅಡ್ಡಿಯಿಲ್ಲ ಎಂದು ಎಮ್ಮಾ ಯೋಚಿಸಿ ತೀರ್ಮಾನಿಸಿದಳು. ಏಸಿಯ ಗಾಳಿ ತಣ್ಣಗಿತ್ತು. ಎಂಪಿಗೆ ಹೊದಿಸಬೇಕೆಂದಿದ್ದ ಶಾಲನ್ನು ಅಕ್ಕ ತಾನೇ ಹೊದ್ದುಕೊಂಡಳು. ಹಾಗೆ ನಾವು ಒಳಗೆ ಹೋದಾಗ ಸನ್ಮಾನ ಮಾಡಿಸಿಕೊಂಡವಳ ಹಾಗೆ ಇದ್ದವಳು ಅವಳೇ.

ಒಳಗೆ ಎಂಪಿಯವರ ಎದುರು ನನ್ನ ಕಾಗದ ಇತ್ತು. ನನ್ನ ಕಣ್ಣು ಮೊದಲು ಹೋದದ್ದು ಅದರ ಕಡೆಗೇ. ಮಗುಚಿರಲಿಲ್ಲ. ಒಂದು ಸಾಲಿನ ಮೇಲೆ ಹಳದಿ ಹೈಲೈಟರ್ ಎಳೆದಿತ್ತು. ಬಸ್ಸಿನ ಸಾಲು. ಅವರು ಒಳ್ಳೆಯ ಮಾತಿನಲ್ಲೇ ಎರಡು ಸರ್ಕಾರಗಳ ಪಾಲು, ಫಾರ್ಮುಲಾ, ಬಜೆಟ್ ಎಂದೆಲ್ಲ ವಿವರಿಸಿದರು. ಗೋಡೆಯ ಗಡಿಯಾರದಲ್ಲಿ ಏಳು ನಿಮಿಷ ಕಳೆಯಿತು. ನಾನು ಗಂಟಲು ಸರಿ ಮಾಡಿಕೊಂಡು, ವಿ ಮೋಸ್ಟ್ ಹಂಬ್ಲಿ, ಎಂದು ಶುರು ಮಾಡುವಷ್ಟರಲ್ಲಿ ಟೇಬಲ್ಲಿನ ಕೆಳಗೆ ತೊಡೆಗೆ ಚಿವುಟು ಬಿತ್ತು. ಅಕ್ಕ ಬೋಗುಣಿಯನ್ನು ಟೇಬಲ್ಲಿನ ಮೇಲಿಟ್ಟಳು. ಗಿಫ್ಟ್ ಅಲ್ಲ, ವಾಪಸ್ ಒಯ್ತೇನಿ ಅಂತ ಮೊದಲ ಹೇಳು, ಎಂದಳು. ಹೇಳಿದೆ. ಆಮೇಲೆ ಅವಳು ಕನ್ನಡದಲ್ಲಿ ಹೇಳುತ್ತಾ ಹೋದಳು, ನಾನು ಇಂಗ್ಲಿಷಿನಲ್ಲಿ.

“ನಾವು ಸಣ್ಣವರಿದ್ದಾಗ ನಮ್ಮ ಸಾಲಿ ಮಾಡು ಸೋರತಿತ್ತು. ಇದನ್ನ ಇಟ್ಕೊಂಡು ಕುಂಡ್ರತಿದ್ವಿ. ನಿಮ್ಮ ಸಾಲಿ ಮಾಡು ಗಟ್ಟಿ ಐತಿ, ನೋಡೇನಿ. ಆದ್ರ ನಮ್ಮ ಕೂಸಿನ ತಲ್ಯಾಗಿಂದ ಅಕ್ಷರ ಸೋರತಾವು. ಅದಕ್ಕ ಆ ಟೀಚರಬಾಯಿ ಬೋಗುಣಿ ಹಿಡದು ಕುಂತಾರ. ಮಳಿ ಇನ್ನೂ ನಿಂತಿಲ್ಲ. ಈಗ ಬೋಗುಣಿ ಯಾಕ ತಗೀತೀರಿ?”

ನನ್ನ ಜೀವಮಾನದಲ್ಲಿ ಅಷ್ಟು ಸರಳ ಇಂಗ್ಲಿಷನ್ನು ನಾನು ಮಾತಾಡಿರಲಿಲ್ಲ. ಇಟ್ ಈಸ್ ಸ್ಟಿಲ್ ರೇನಿಂಗ್, ವೈ ವುಡ್ ಯೂ ಟೇಕ್ ಅವೇ ದ ಪಾಟ್? ಎಂಪಿ ಬೋಗುಣಿಯ ಒಳಗೆ ಇಣುಕಿ ನೋಡಿದರು, ಅಲ್ಲೇನೋ ಇದೆ ಎಂಬ ಹಾಗೆ. ಆಮೇಲೆ ಕೇಳಿದರು, ಈ ಟೀಚರ್ ಹತ್ತಿರ ಒಟ್ಟು ಎಷ್ಟು ಮಕ್ಕಳಿದ್ದಾರೆ? ಹನ್ನೊಂದು, ಎಂದೆ ನಾನು, ತಡವರಿಸದೆ. ಎಣಿಸ್ಕೊಂಡು ಬಾ, ಅವರು ಅದನ್ನ ಕೇಳೂದು, ಎಂದು ಹಿಂದಿನ ದಿನವೇ ಅಕ್ಕ ನನ್ನನ್ನು ಸ್ಕೂಲ್ ಗೇಟಿಗೆ ಅಟ್ಟಿದ್ದಳು. ಎಮ್ಮಾ ಹನ್ನೊಂದು ಎಂದು ಬರೆದುಕೊಂಡಳು. ಹೊರಗೆ ಬಂದು ಬೇಕರಿಯ ಮುಂದೆ ನಿಂತಾಗ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಅಕ್ಕ ಅದನ್ನು ಬೋಗುಣಿಯ ಕೊರಳಿಗೆ ಹಾಕಿದಳು. ಮನೆಯವರೆಗೂ ಹಾಗೇ ಮೆರವಣಿಗೆ.

ಅಕ್ಕ ಮೆಲ್ಬರ್ನಿಗೆ ಹೋದ ಕೆಲವು ವಾರಕ್ಕೆ ಎಂಪಿಯ ಸಹಿ ಇದ್ದ ಕಾಗದ ಬಂತು. ಈ ವರ್ಷ ಮುಗಿಯುವವರೆಗೆ ಮಿಸೆಸ್ ಹಾನ್ ಅವರ ಮೂರೂ ಬೆಳಗ್ಗೆಗಳು ಮುಂದುವರಿಯುತ್ತವೆ. ಮುಂದಿನ ವರ್ಷದ ಬಗ್ಗೆ ಈಗಲೇ ಹೇಳಲಾಗದು, ಆದರೆ ಪ್ರಶ್ನೆ ಎತ್ತಿದ್ದೇನೆ. ನಾನು ಕಾಗದ ಹಿಡಿದು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಸುಮಾ, “ಅಮ್ಮ, ಇಡೀ ಸಬರ್ಬ್ ಕ್ಲಿಕ್ ಮಾಡಿದೆ. ಕ್ರೆಡಿಟ್ ಎಲ್ಲ ಬೋಗುಣಿಗೇ ಕೊಡಬೇಡ,” ಎಂದಳು. ಇರಲಿ. ಬರುವ ವರ್ಷಕ್ಕೆ ಮತ್ತೆ ಬರೆಯಬೇಕು ಎಂದು ಆಗಲೇ ಗೊತ್ತಿತ್ತು.

ಸ್ಕೂಲ್ ಹಾಲಿಡೇಸ್‌ನಲ್ಲಿ ಎಲ್ಲರೂ ಕ್ರಾನ್‌ಬರ್ನ್‌ಗೆ ಹೋದೆವು. ಅಕ್ಕನ ಹಿತ್ತಲಿನಲ್ಲಿ ಕುಂಡದ ತುಂಬ ಮೆಂತ್ಯ. ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಅವಳ ಪಕ್ಕ ಇರಾ ನಿಂತು ಆ ಕಾಗದವನ್ನು ಬೆರಳಿಟ್ಟು ಓದಿದಳು. ಮೊದಲಿನಿಂದ ಕೊನೆಯ ಸಹಿಯವರೆಗೆ. ಎರಡು ಕಡೆ ಸಿಕ್ಕಿಕೊಂಡಳು. ಅಕ್ಕನಿಗೆ ಆ ಇಂಗ್ಲಿಷ್ ಅರ್ಧಂಬರ್ಧ ತಿಳಿದಿರಬಹುದು, ಆದರೆ ಸಿಕ್ಕಿಕೊಂಡ ಜಾಗದಲ್ಲೆಲ್ಲ, “ಅವಸರ ಬ್ಯಾಡ ಕೂಸ, ಅಕ್ಷರ ಎಲ್ಲೂ ಓಡಿ ಹೋಗಂಗಿಲ್ಲ,” ಎನ್ನುತ್ತಿದ್ದಳು. ಓದಿ ಮುಗಿಸಿ ಇರಾ, ಡಿಡ್ ಯೂ ಲೈಕ್ ಇಟ್, ಮೆಲ್ಬರ್ನ್ ಅಜ್ಜಿ, ಎಂದು ಕೇಳಿ ಒಳಗೆ ಓಡಿದಳು. ನಾವಿಬ್ಬರೇ ಉಳಿದೆವು. ಇಷ್ಟು ವರ್ಷ ಬಾಯಿಗೆ ಬಾರದ್ದನ್ನು ನಾನು ಆಗ ಕೇಳಿಬಿಟ್ಟೆ.

“ಅಕ್ಕ, ನನ್ನನ್ನ ಕಾನ್ವೆಂಟಿಗೆ ಹಾಕಿದಾಗ ನಿನಗ ಸಿಟ್ಟು ಬಂದಿತ್ತೇನು?”

“ಬರಲಾರದ ಏನು! ನಿನ್ನ ಮ್ಯಾಲೆ ಅಲ್ಲ, ಆ ಶೂಸಿನ ಮ್ಯಾಲೆ.” ಕುಂಡದಿಂದ ಒಂದು ಮೆಂತ್ಯದ ಎಲೆ ಚಿವುಟಿದಳು. “ನೀ ಆಡಾಕ ಹೋದಾಗ ಒಂದ್ ಸಲ ಹಾಕ್ಕೊಂಡು ಚಾಳಿನ ತುದಿತನಕ ಹೋಗಿ ಬಂದಿದ್ದೆ. ಕಚ್ಚಿದ್ವು. ಛೀ, ಇದಕ್ಕ ಇಷ್ಟ್ಯಾಕ ಮೆರೀತಾಳ ವಿಮ್ಮಿ ಅಂದ್ಕೊಂಡೆ, ಸಿಟ್ಟು ಇಳೀತು.”

ನಾನು ನಗಲು ಹೋಗಿ ಅತ್ತೆ. ಅವಳು ಅಳುವುದನ್ನು ಅರ್ಧಕ್ಕೇ ನಿಲ್ಲಿಸಿ ಪಾತ್ರೆ ಕಪಾಟಿಗೆ ಎಬ್ಬಿಸಿಕೊಂಡು ಹೋದಳು. ಹಿತ್ತಾಳೆ ಬೋಗುಣಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. “ಇನ್ನ ನಿನ್ನ ಪಾಳಿ. ನೀ ಒಂದ್ ದಿನನೂ ಸರ್ಕಾರಿ ಸಾಲಿ ಕಂಡಾಕಿ ಅಲ್ಲ. ಬರೋ ವರ್ಷ ಇದನ್ನ ತಗೊಂಡು ಒಬ್ಬಾಕೀನ ಹೋಗು. ಹೋದಾಗ ಎಣಿಸಿಕೊಂಡು ಹೋಗು.”

ಮಾರನೆಯ ಬೆಳಗ್ಗೆ ಹೊರಟೆವು. ಗಾಳಿ ಜೋರಾಗಿತ್ತು, ಮೆಲ್ಬರ್ನಿನ ಗಾಳಿ. ಅಕ್ಕನ ಸೀರೆಯ ಮೇಲೆ ಮಗನ ಜಾಕೆಟ್ಟು, ಅದರ ಮೇಲೆ ಎಂಪಿಗೆಂದು ತಂದಿದ್ದ ನನ್ನ ಮೈಸೂರು ಶಾಲು, ಕಾಲಿಗೆ ಮೊಮ್ಮಗನ ಹಳೆಯ ಜಾಗಿಂಗ್ ಶೂಸ್. ಗೇಟಿನವರೆಗೆ ಬಂದಳು. ಬೋಗುಣಿ ನನ್ನ ತೊಡೆಯ ಮೇಲಿತ್ತು. ಕಾರು ತಿರುಗುವಾಗ ಅವಳು ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಏನೋ ಕೂಗಿದಳು. ನಾನು ಗಾಜು ಇಳಿಸಿದೆ.

“ಸೋಪು ಹಚ್ಚಬ್ಯಾಡ ಅದಕ್ಕ! ಹುಣಸೇಹಣ್ಣು, ಹುಣಸೇಹಣ್ಣು!”

ಅಕ್ಕನನ್ನು ನಾನು ನೋಡಿದ್ದು ಅದೇ ಕೊನೆ.